ಹೈಡ್ರೋಜನ್ ಕ್ಲೋರೈಡೂ ಪ್ರೌಢಶಾಲೆಯ ಪ್ರಯೋಗಶಾಲೆಯೂ

ಅಡಿಗೆಯ ಉಪ್ಪಿನ ಮೇಲೆ ಪ್ರಬಲ ಗಂಧಕಾಮ್ಲವನ್ನು ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲವು ಹೊರಬರುತ್ತದೆಂದು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಒಮ್ಮೆಯಾದರೂ ಉತ್ತರಪತ್ರಿಕೆಯಲ್ಲಿ ಬರೆದಿರುತ್ತಾರೆ. ಹಾಗೆ ಬರೆದವರಲ್ಲಿ ಆ ಅನಿಲದ ಪರಿಚಯವುಳ್ಳವರು ಎಷ್ಟು ಮಂದಿ? ಕಣ್ಣಿಗೆ ಕಾಣಲು ಅದಕ್ಕೆ ಬಣ್ಣವಿಲ್ಲ. ತೇವದ ಗಾಳಿಗೆ ತಾಗಿದೊಡನೆ ಏಳುವ ಬಿಳಿಯ ಮಬ್ಬಿನಿಂದಲೂ ಮೂಗಿಗೆ ಬಡಿಯುವ ಘಾಟಿನಿಂದಲೂ ಅದರ ಇರವನ್ನು ಅರಿಯಬೇಕು. ಪೆನ್ಸಿಲಿನಿಂದ ಅಂದವಾಗಿ ಎಳೆದ ಚಿತ್ರದಲ್ಲಿ ಮಬ್ಬೂ ಇಲ್ಲ, ಘಾಟೂ ಇಲ್ಲ. ಭಾಗಗಳನ್ನು ಗುರುತಿಸಿ ಅಂಕ ಪಡೆದ ಬಾಲಕನಿಗೆ, ಅನಿಲ ಜಾಡಿಯ ಬಾಯಿ ಮೇಲ್ಮುಖವಾಗಿ ಏಕಿದೆಯೆಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಗಾಳಿಗಿಂತ ಸುಮಾರು ಒಂದೂಕಾಲು ಪಟ್ಟು ಭಾರವಾದ ಅನಿಲವು ತಳದಲ್ಲಿ ಕುಳಿತು ಗಾಳಿಯನ್ನು ಮೇಲಕ್ಕೆ ತಳ್ಳುವುದನ್ನು ಅವನು ನೋಡಿಲ್ಲ.

ರಸಾಯನಶಾಸ್ತ್ರದ ಪಾಠವು ಈ ರೀತಿ ಕಾಗದದ ಮೇಲೆಯೇ ಹುಟ್ಟಿ ಕಾಗದದ ಮೇಲೆಯೇ ಮುಗಿಯುವುದಾದರೆ, ಅದನ್ನು ವಿಜ್ಞಾನವೆಂದು ಕರೆಯುವುದು ಔಪಚಾರಿಕ ಮಾತಷ್ಟೇ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಣ ಹಳ್ಳಿಗಳಿಂದ ಬರುವ ಮಕ್ಕಳಿಗೆ ಈ ಒಂದು ಪ್ರಯೋಗವನ್ನಾದರೂ ಕಣ್ಣೆದುರಿಗೆ ನಡೆಸಿ ತೋರಿಸಲೇಬೇಕು. ಅದಕ್ಕೆ ಬಲವಾದ ಕಾರಣಗಳಿವೆ.

ಹಿಂದಿನ ಪುಸ್ತಕಗಳಲ್ಲಿ ಈ ಪ್ರಯೋಗಕ್ಕೆ ದೊಡ್ಡ ಸಲಕರಣೆಯನ್ನೇ ಹೇಳುತ್ತಿದ್ದರು: ಗುಂಡುತಳದ ಫ್ಲಾಸ್ಕು, ಉದ್ದ ಕೊಳವೆಯ ಆಲಿಕೆ, ಅನಿಲವನ್ನು ಒಣಗಿಸಲು ಗಂಧಕಾಮ್ಲದ ಇನ್ನೊಂದು ಸೀಸೆ, ಕೊನೆಯಲ್ಲಿ ಜಾಡಿ. ಮೆಲ್ಲನೆ ಕಾಯಿಸಿದರೆ ಉಪ್ಪು ಸೋಡಿಯಂ ಬೈಸಲ್ಫೇಟ್ ಆಗುತ್ತದೆ. ಕ್ರಿಯೆಯನ್ನು ಪೂರ್ಣಗೊಳಿಸಿ ಸೋಡಿಯಂ ಸಲ್ಫೇಟಿನವರೆಗೆ ಒಯ್ಯಲು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಕಾವು ಬೇಕು. ಗಾಜಿನ ಫ್ಲಾಸ್ಕಿನಲ್ಲಿ ಅದು ಸಾಧುವಲ್ಲ. ಒಣಗಿಸಲು ಸುಟ್ಟ ಸುಣ್ಣವನ್ನು ಏಕೆ ಬಳಸುವುದಿಲ್ಲ? ಅನಿಲವು ಸುಣ್ಣದೊಡನೆ ತಾನೇ ಸಂಯೋಗ ಹೊಂದಿಬಿಡುತ್ತದೆ. ಈ ವಿವರಗಳೆಲ್ಲ ಒಳ್ಳೆಯವೇ. ಆದರೆ ಅವುಗಳಿಗಾಗಿ ಸಲಕರಣೆ ಇಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಎನ್.ಸಿ.ಇ.ಆರ್.ಟಿ. ರೂಪಿಸಿದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವು ಅದೇ ಪ್ರಯೋಗವನ್ನು ಒಂದು ಪ್ರನಾಳಕ್ಕೆ ಇಳಿಸಿದೆ. ಒಣ ಪ್ರನಾಳದಲ್ಲಿ ಸುಮಾರು ಒಂದು ಗ್ರಾಂ ಉಪ್ಪು, ಅದರ ಮೇಲೆ ಸ್ವಲ್ಪ ಪ್ರಬಲ ಗಂಧಕಾಮ್ಲ, ಬಿರಡೆ, ಒಂದು ನಿರ್ಗಮ ನಾಳ, ಎರಡು ತುಂಡು ನೀಲಿ ಲಿಟ್ಮಸ್ ಕಾಗದ. ಒಂದು ಗ್ರಾಂ ಉಪ್ಪಿನಿಂದ ಹೆಚ್ಚೆಂದರೆ 400 ಮಿಲಿಲೀಟರಿನಷ್ಟು ಅನಿಲ ದೊರಕೀತು. ಕಿಟಕಿಗಳನ್ನು ತೆರೆದ ಕೊಠಡಿಯಲ್ಲಿ ಅದು ಭಯಪಡುವಷ್ಟಲ್ಲ. ನಲವತ್ತು ಮಕ್ಕಳ ತರಗತಿಗೆ ಸಾಕಾಗುವಷ್ಟು.

ಆ ಎರಡು ಕಾಗದದ ತುಂಡುಗಳಲ್ಲಿಯೇ ಪಾಠದ ಜೀವಾಳವಿದೆ. ಒಣಗಿದ ಲಿಟ್ಮಸ್ಸನ್ನು ಒಣ ಅನಿಲಕ್ಕೆ ಹಿಡಿದರೆ ಅದು ನೀಲಿಯಾಗಿಯೇ ಉಳಿಯುತ್ತದೆ. ಒಂದು ಹನಿ ನೀರಿನಿಂದ ಒದ್ದೆ ಮಾಡಿ ಹಿಡಿದರೆ ಕೆಂಪಾಗುತ್ತದೆ. ಅನಿಲ ಅದೇ, ಕಾಗದವೂ ಅದೇ. ನಡುವೆ ಬಂದದ್ದು ನೀರು ಮಾತ್ರ. ನೀರಿನ ಸಂಗದಲ್ಲಿ ಅನಿಲವು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಟ್ಟಾಗಲೇ ಆಮ್ಲದ ಗುಣವು ಪ್ರಕಟವಾಗುವುದು. ಈ ಮಾತನ್ನು ಹತ್ತು ಸಾರಿ ಬಾಯಿಪಾಠ ಮಾಡಿದವನಿಗೂ ಇದನ್ನು ಒಮ್ಮೆ ಕಂಡವನಿಗೂ ಇರುವ ಅಂತರ ಅಲ್ಪವಲ್ಲ.

ಇಲ್ಲಿ ಹಾಸನ ಜಿಲ್ಲೆಯ ಉಪಾಧ್ಯಾಯರು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅನಿಲವನ್ನು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ನಾಳದ ಮೂಲಕ ಹಾಯಿಸಿ ಒಣಗಿಸಬೇಕೆಂದು ಆ ಪುಸ್ತಕವೇ ಎಚ್ಚರಿಸುತ್ತದೆ. ದಿಲ್ಲಿಯಲ್ಲಿ ಬರೆದ ಈ ವಾಕ್ಯವು ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಎರಡು ಅರ್ಥ ತಾಳುತ್ತದೆ. ಬಯಲುಸೀಮೆಯ ಒಣಗಾಳಿಯ ಅರಸೀಕೆರೆಯಲ್ಲಿ, ಬೇಸಗೆ ಸಮೀಪಿಸುವ ದಿನಗಳಲ್ಲಿ, ಪ್ರಯೋಗವು ಹೆಚ್ಚಿನ ಉಪಚಾರವಿಲ್ಲದೆ ಕೈಗೂಡಬಹುದು. ಮಲೆನಾಡಿನ ಅಂಚಿನ ಬೇಲೂರಿನಲ್ಲಿ ಆಷಾಢದ ಜಡಿಮಳೆ ಹಿಡಿದಿರುವಾಗ ಒಣ ಕಾಗದವೆಂದು ಕೈಗೆತ್ತಿಕೊಂಡದ್ದು ಆಗಲೇ ತೇವವಾಗಿರುತ್ತದೆ. ಎರಡು ತುಂಡುಗಳೂ ಕೆಂಪಾಗಿ, ಪುಸ್ತಕವೇ ಸುಳ್ಳೆಂದು ಮಕ್ಕಳು ಭಾವಿಸಿದರೆ ಆಶ್ಚರ್ಯವಿಲ್ಲ. ಹೀಗೆ ಕೆಟ್ಟ ಪ್ರಯೋಗವನ್ನು ಮುಚ್ಚಿಹಾಕದೆ, ಅದು ಕೆಟ್ಟದ್ದೇಕೆಂದು ಮಕ್ಕಳಿಂದಲೇ ಹೇಳಿಸುವ ಉಪಾಧ್ಯಾಯನು ಸರಿಯಾಗಿ ನಡೆದ ಪ್ರಯೋಗಕ್ಕಿಂತ ಹೆಚ್ಚನ್ನು ಕಲಿಸುತ್ತಾನೆ. ಯಾವ ಚಲಚ್ಚಿತ್ರವೂ ಈ ಕೆಲಸವನ್ನು ಮಾಡಲಾರದು. ಮೊಬೈಲ್ ಪರದೆಯ ಮೇಲಿನ ಪ್ರಯೋಗ ಎಂದೂ ಕೆಡುವುದಿಲ್ಲ. ಅದೇ ಅದರ ದೋಷ.

ಇನ್ನೊಂದು ಕಾರಣವು ಕನ್ನಡ ಭಾಷೆಗೇ ಸಂಬಂಧಿಸಿದುದು. ಆಕ್ಸಿಜನ್ನಿಗೆ ಕನ್ನಡದಲ್ಲಿ ಆಮ್ಲಜನಕವೆಂದು ಹೆಸರು. ಅದು ಫ್ರಾನ್ಸಿನ ಲವಾಸಿಯೇ ಇಟ್ಟ ಹೆಸರಿನ ಅರ್ಥಾನುವಾದ. ಎಲ್ಲ ಆಮ್ಲಗಳಿಗೂ ಆ ಧಾತುವೇ ಮೂಲವೆಂದು ಆ ಮಹಾಶಯನು ನಂಬಿದ್ದನು. ಉಪ್ಪಿನಿಂದ ಪಡೆದ ಆಮ್ಲದಲ್ಲಿಯೂ ಅದು ಅಡಗಿರಲೇಬೇಕೆಂಬುದು ಅವನ ತರ್ಕ. ಇಂಗ್ಲೆಂಡಿನ ಹಂಫ್ರಿ ಡೇವಿಯು ಇಂದು ಕ್ಲೋರಿನ್ ಎನಿಸಿಕೊಂಡಿರುವ ಅನಿಲದಲ್ಲಿ ಇದ್ದಿಲನ್ನು ಬಿಳಿಗಾವಿನವರೆಗೆ ಕಾಯಿಸಿ ನೋಡಿದನು. ಆಮ್ಲಜನಕದ ಸುಳಿವೇ ದೊರೆಯಲಿಲ್ಲ. 1810ರಲ್ಲಿ ಅವನು ಕ್ಲೋರಿನ್ ಒಂದು ಧಾತುವೆಂದು ಸಾರಿದನು. ಹೈಡ್ರೋಜನ್ ಕ್ಲೋರೈಡಿನಲ್ಲಿರುವುದು ಜಲಜನಕವೂ ಕ್ಲೋರಿನ್ನೂ ಮಾತ್ರ. ಲವಾಸಿಯೇ ಅಂಥವನ ತರ್ಕವನ್ನು ಅಡಿಗೆ ಉಪ್ಪಿನ ಈ ಅನಿಲ ಸೋಲಿಸಿತು. ಆದರೂ ಆ ಹೆಸರು ಉಳಿದುಕೊಂಡಿದೆ; ಕನ್ನಡದ ಮಗುವು ಆ ಪದವನ್ನು ಉಚ್ಚರಿಸಿದಾಗಲೆಲ್ಲ ಹದಿನೆಂಟನೆಯ ಶತಮಾನದ ಒಂದು ತಪ್ಪನ್ನು ಉಚ್ಚರಿಸುತ್ತದೆ. ರೂಢಿಗೆ ಬಂದ ಪದವನ್ನು ಬದಲಿಸುವುದು ಅನವಶ್ಯಕ. ಪದವನ್ನು ನಂಬಿ ವಸ್ತುವನ್ನು ತಿಳಿದೆವೆಂದುಕೊಳ್ಳುವ ಅಭ್ಯಾಸವನ್ನಂತೂ ಬದಲಿಸಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ಕನ್ನಡಕ್ಕೆ ತಂದರು. ಅಂದಿನಿಂದ ಪದಗಳ ಕೊರತೆ ಬಹುಮಟ್ಟಿಗೆ ನೀಗಿದೆ. ಪದಗಳ ಹಿಂದಿನ ವಸ್ತುಗಳನ್ನು ಮಕ್ಕಳ ಮುಂದಿಡುವ ಕೆಲಸ ಬಾಕಿ ಉಳಿದಿದೆ.

ಅನಿಲದ ಜಲಪ್ರೀತಿಯನ್ನು ತೋರಿಸುವ ಕಾರಂಜಿ ಪ್ರಯೋಗವನ್ನು ಇಲ್ಲಿ ಹೇಳದೆ ಬಿಡಲಾಗದು. ಸೊನ್ನೆ ಡಿಗ್ರಿಯಲ್ಲಿ ಒಂದು ಅಳತೆ ನೀರು ಸುಮಾರು ಐನೂರು ಅಳತೆ ಹೈಡ್ರೋಜನ್ ಕ್ಲೋರೈಡನ್ನು ನುಂಗುತ್ತದೆ. ಪ್ರೀಸ್ಟ್ಲಿಯು 1772ರಲ್ಲಿ ಈ ಅನಿಲವನ್ನು ನೀರಿನ ಬದಲು ಪಾದರಸದ ಮೇಲೆ ಸಂಗ್ರಹಿಸಿದ್ದೂ ಈ ಕಾರಣದಿಂದಲೇ. ಅನಿಲ ತುಂಬಿದ ಒಣ ಫ್ಲಾಸ್ಕನ್ನು ನೀಲಿ ಲಿಟ್ಮಸ್ ಬೆರೆಸಿದ ನೀರಿನ ತೊಟ್ಟಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಒಳಗೆ ನಾಲ್ಕು ಹನಿ ನೀರು ಬಿಟ್ಟರೆ ಸಾಕು. ಅನಿಲ ಕರಗಿ ಒಳಗಿನ ಒತ್ತಡ ಕುಸಿದು, ಹೊರಗಿನ ಗಾಳಿಯ ಒತ್ತಡಕ್ಕೆ ತೊಟ್ಟಿಯ ನೀರು ಕೊಳವೆಯಲ್ಲಿ ಮೇಲೇರಿ ಚಿಮ್ಮುತ್ತದೆ. ಕೆಳಗೆ ನೀಲಿ, ಮೇಲೆ ಕೆಂಪು. ಹೋಬಳಿಯ ವಿಜ್ಞಾನ ಪ್ರದರ್ಶನಗಳಲ್ಲಿ ಥರ್ಮೋಕೋಲಿನ ಜ್ವಾಲಾಮುಖಿಗಳಿಗೆ ವ್ಯಯವಾಗುವ ಶ್ರಮದ ಅರ್ಧಪಾಲು ಇದಕ್ಕೆ ದೊರೆತರೂ ನೋಡಿದ ಮಗು ಅದನ್ನು ಮರೆಯಲಾರದು.

ಅಪಾಯವಿಲ್ಲವೆ ಎಂದು ಕೇಳುವವರಿದ್ದಾರೆ. ಇದೆ. ಪ್ರಬಲ ಗಂಧಕಾಮ್ಲವು ಮೈಗೆ ತಾಗಿದರೆ ಸುಡುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಲಾಗದು, ಉಪಾಧ್ಯಾಯರೇ ರಕ್ಷಣಾ ಕನ್ನಡಕ ಧರಿಸಿ ಹಾಕಬೇಕು. ಅನಿಲವನ್ನು ನೀರಿಗೆ ಬಿಡುವಾಗ ನಾಳವನ್ನು ನೇರವಾಗಿ ಮುಳುಗಿಸಿದರೆ ನೀರು ಹಿಂದಕ್ಕೆ ಸೆಳೆದು ಬಿಸಿ ಆಮ್ಲದ ಮೇಲೆ ಬೀಳುತ್ತದೆ. ಬೋರಲು ಹಾಕಿದ ಆಲಿಕೆಯ ಅಂಚು ನೀರನ್ನು ಮುಟ್ಟಿಯೂ ಮುಟ್ಟದಂತಿರಬೇಕು. 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಆಮ್ಲದಾಳಿಗಳನ್ನು ತಡೆಯಲು ನೀಡಿದ ಆದೇಶವು ಶಿಕ್ಷಣ ಸಂಸ್ಥೆಗಳ ಮೇಲೂ ಹೊಣೆ ಹೊರಿಸಿದೆ: ಆಮ್ಲದ ಬಳಕೆಗೆ ದಾಖಲೆ ಪುಸ್ತಕವಿರಬೇಕು, ಅದನ್ನು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ದಾಸ್ತಾನಿಗೆ ಒಬ್ಬರು ಜವಾಬ್ದಾರರಿರಬೇಕು, ಪ್ರಯೋಗಶಾಲೆಯಿಂದ ಹೊರಡುವವರ ತಪಾಸಣೆ ನಡೆಯಬೇಕು. ಅತ್ಯಂತ ನ್ಯಾಯವಾದ ಆದೇಶ. ಆದರೆ ಲೆಕ್ಕವಿಡಿ ಎಂದ ನ್ಯಾಯಾಲಯದ ಮಾತನ್ನು ಬೀಗ ಹಾಕಿ ಎಂದು ಓದಿಕೊಂಡು, ದಾಖಲೆಯ ತೊಂದರೆಯೇ ಬೇಡವೆಂದು ಪ್ರಯೋಗವನ್ನೇ ಕೈಬಿಡುವುದು ಸೋಮಾರಿತನಕ್ಕೆ ಕಾನೂನಿನ ಹೊದಿಕೆ ಹೊದಿಸಿದಂತೆ.

ಶಾಲೆಯ ಬೀರುವಿಗೆ ಬೀಗ ಹಾಕಿದ ಮಾತ್ರಕ್ಕೆ ಈ ಆಮ್ಲವು ಮಕ್ಕಳಿಂದ ದೂರವಾಗುವುದೂ ಇಲ್ಲ. ಪ್ರತಿ ಮನೆಯ ಬಚ್ಚಲಿನಲ್ಲಿರುವ ಶೌಚಾಲಯ ತೊಳೆಯುವ ದ್ರವಗಳಲ್ಲಿ ಅನೇಕವು ನೂರಕ್ಕೆ ಹತ್ತರಷ್ಟು ಹೈಡ್ರೋಕ್ಲೋರಿಕ್ ಆಮ್ಲವೇ. ಪಕ್ಕದಲ್ಲಿಯೇ ಬ್ಲೀಚಿಂಗ್ ಪುಡಿಯ ಪೊಟ್ಟಣವಿರುತ್ತದೆ. ಎರಡೂ ಸೇರಿದರೆ ಇನ್ನಷ್ಟು ಸ್ವಚ್ಛವಾಗುವುದೆಂದು ಬಗೆದು ಬೆರೆಸುವವರುಂಟು. ಆಗ ಹೊರಡುವುದು ಕ್ಲೋರಿನ್. 1915ರಲ್ಲಿ ಯುದ್ಧಭೂಮಿಯಲ್ಲಿ ಸೈನಿಕರ ಶ್ವಾಸಕೋಶಗಳನ್ನು ಕೆಡಿಸಿದ್ದು ಅದೇ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಮಾರಕವಾಗಬಲ್ಲುದು. ಪ್ರನಾಳದ ಘಾಟನ್ನು ಒಮ್ಮೆ ದೂರದಿಂದ ಅರಿತ ಹುಡುಗಿಯು ಮನೆಯಲ್ಲಿ ತಾಯಿಯ ಕೈ ತಡೆಯುವ ಸಂಭವವಿದೆ. ಟಿಪ್ಪಣಿಯನ್ನು ಬಾಯಿಪಾಠ ಮಾಡಿದವಳಿಗೆ ಆ ಎರಡು ಸೀಸೆಗಳಿಗೂ ಪಾಠಕ್ಕೂ ಸಂಬಂಧವೇ ತೋರದು.

ಪ್ರಯೋಗದ ಕೊನೆಯಲ್ಲಿ ನೀರಿನಲ್ಲಿ ಕರಗಿ ಉಳಿದ ದುರ್ಬಲ ಆಮ್ಲವನ್ನು ಚೆಲ್ಲುವ ಮುನ್ನ ಮತ್ತೊಂದು ಪಾಠವನ್ನು ಅದರಿಂದ ಪಡೆಯಬಹುದು. ಭೂವಿಜ್ಞಾನಿಯು ಕಲ್ಲಿನ ಮೇಲೆ ಇದರ ಒಂದು ಹನಿ ಹಾಕಿ ನೋಡುತ್ತಾನೆ: ಸುಣ್ಣಕಲ್ಲಾದರೆ ಇಂಗಾಲದ ಡೈಆಕ್ಸೈಡ್ ಹೊರಟು ನೊರೆಯೇಳುತ್ತದೆ. ಹೊಲದಲ್ಲಿ ಸಿಕ್ಕ ಸುಣ್ಣಕಲ್ಲಿನ ಹರಳು, ಕೋಳಿಮೊಟ್ಟೆಯ ಸಿಪ್ಪೆ, ಕೆರೆಯ ಚಿಪ್ಪು, ಇವೆಲ್ಲ ನೊರೆಯುತ್ತವೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯವೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಬಳಪದ ಕಲ್ಲಿನ ಕೃತಿಗಳೆಂದು ಎಲ್ಲರೂ ಬಲ್ಲರು. ಆ ಕಲ್ಲು ಸುಣ್ಣಕಲ್ಲಿನ ಜಾತಿಯದಲ್ಲ, ಸಿಲಿಕೇಟುಗಳ ಜಾತಿಯದು. ಅದನ್ನು ಪರೀಕ್ಷಿಸಲು ದೇವಾಲಯದ ಬಳಿಗೆ ಆಮ್ಲವನ್ನು ಒಯ್ಯುವ ಯೋಚನೆಯೂ ಯಾರಿಗೂ ಬರಬಾರದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಶಿಲ್ಪಗಳು ಸಂರಕ್ಷಿತ ಸ್ಮಾರಕಗಳು. ಮೇಲಾಗಿ, ನೊರೆಯದ ಕಲ್ಲೆಲ್ಲ ಆಮ್ಲವನ್ನು ತಾಳುತ್ತದೆಂದು ಅರ್ಥವಲ್ಲ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಹಳೆಯ ಬಳಪದ ಚೂರು ಸಾಕು. ಅದೂ ಅದೇ ಜಾತಿಯ ಕಲ್ಲು, ಹನಿ ಬಿದ್ದರೆ ಸುಮ್ಮನಿರುತ್ತದೆ. ಪಕ್ಕದಲ್ಲಿ ಕರಿಹಲಗೆಯ ಸೀಮೆಸುಣ್ಣದ ತುಂಡನ್ನಿಟ್ಟರೆ? ಹೆಸರಿನಲ್ಲಿ ಸುಣ್ಣವಿರುವುದರಿಂದ ನೊರೆ ಬರಲೇಬೇಕೆಂದು ಮಕ್ಕಳು ಹೇಳುತ್ತಾರೆ. ಇಂದಿನ ಸೀಮೆಸುಣ್ಣ ಬಹುಪಾಲು ಜಿಪ್ಸಮ್ಮಿನಿಂದ ಮಾಡಿದ್ದು, ಅದೂ ಸುಮ್ಮನಿರುತ್ತದೆ. ಆಮ್ಲಜನಕದ ಕಥೆಯನ್ನು ತರಗತಿಯಲ್ಲಿ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಈ ಸಂಪುಟವನ್ನು ಕೈಯಲ್ಲಿ ಹಿಡಿದಿರುವ ದಾನಿಗಳಲ್ಲಿಯೂ ಹಿರಿಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಕೊಠಡಿ ಕಟ್ಟಿಸಿದವರ ಹೆಸರು ಗೋಡೆಯ ಕಲ್ಲಿನ ಮೇಲೆ ಶೋಭಿಸುತ್ತದೆ, ಅದು ಯೋಗ್ಯವೇ. ಆದರೆ ಒಡೆದುಹೋಗುವ ಫ್ಲಾಸ್ಕಿನ ಮೇಲೆ, ತೀರಿಹೋಗುವ ಗಂಧಕಾಮ್ಲದ ಮೇಲೆ, ಹಾಳೆ ಹಾಳೆಯಾಗಿ ಮುಗಿಯುವ ಲಿಟ್ಮಸ್ ಕಾಗದದ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಅದರಿಂದಲೋ ಏನೋ ಪ್ರಯೋಗಶಾಲೆಗೆಂದು ಕಟ್ಟಡ ದೊರೆಯುವಷ್ಟು ಸುಲಭವಾಗಿ ಅದರೊಳಗಿನ ಸಾಮಗ್ರಿ ದೊರೆಯುವುದಿಲ್ಲ. ಕೊಬ್ಬರಿ ಮಂಡಿಯ ವರ್ತಕರಿಗೂ ಕಾಫಿ ತೋಟದ ಮಾಲೀಕರಿಗೂ ಭಾರವಾಗದ ಒಂದು ಸಣ್ಣ ಠೇವಣಿಯಿಟ್ಟು, ಅದರ ಬಡ್ಡಿಯನ್ನು ಪ್ರತಿವರ್ಷ ಕರಗಿ ಒಡೆದು ಹೋಗುವ ಸಾಮಗ್ರಿಗೇ ಮೀಸಲಿಡಬಹುದು. ಅದರಲ್ಲಿ ನಾಲ್ಕು ಜೊತೆ ರಕ್ಷಣಾ ಕನ್ನಡಕ, ಬೀಗವಿರುವ ಒಂದು ಬೀರು, ಒಂದು ದಾಖಲೆ ಪುಸ್ತಕ ಮೊದಲ ವರ್ಷದ ಖರ್ಚಾಗಲಿ. ಬೇಲೂರಿನ ಕಡೆಯ ಶಾಲೆಗಳಿಗೆ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯೊಂದನ್ನು, ಮುಚ್ಚಳ ಬಿಗಿಯಾಗಿರುವುದನ್ನು ನೋಡಿಕೊಂಡು, ಮಳೆ ಹಿಡಿಯುವುದಕ್ಕೆ ಮೊದಲೇ ಕಳುಹಿಸಬೇಕು.