ಬಳಸಿದ ಐಷಾರಾಮಿ ಕಾರು: ಇಳಿದ ಬೆಲೆ, ಇಳಿಯದ ವೆಚ್ಚ

ವ್ಯಾಪಾರದಲ್ಲಿ ಒಂದಿಷ್ಟು ನೆಲೆಯೂರಿದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಒಳ್ಳೆಯ ಕಾರೊಂದನ್ನು ಹೊಂದಬೇಕೆಂಬ ಅಪೇಕ್ಷೆ ಮೂಡುವುದು ಸಹಜ. ಬ್ಯಾಂಕಿನ ಅಧಿಕಾರಿಗಳನ್ನೋ ದೊಡ್ಡ ಕಂಪನಿಗಳ ಖರೀದಿ ವಿಭಾಗದವರನ್ನೋ ಕಾಣಲು ಹೋದಾಗ, ಬಂದಿಳಿಯುವ ವಾಹನವೂ ಒಂದು ಬಗೆಯ ಪರಿಚಯ ಪತ್ರವೇ ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಬಲವಾಗಿದೆ. ಇದನ್ನು ಕೇವಲ ಆಡಂಬರವೆಂದು ತಳ್ಳಿಹಾಕುವಂತಿಲ್ಲ. ವ್ಯವಹಾರದಲ್ಲಿ ವರ್ಚಸ್ಸಿಗೂ ಬೆಲೆಯುಂಟು. ಹೊಸದಾಗಿದ್ದಾಗ ಅರ್ಧ ಕೋಟಿ ರೂಪಾಯಿಗೆ ಮಾರಾಟವಾದ ಜರ್ಮನ್ ಕಾರು ಏಳೆಂಟು ವರ್ಷಗಳ ನಂತರ ಮಧ್ಯಮ ದರ್ಜೆಯ ಹೊಸ ಕಾರಿನ ಬೆಲೆಗೆ ಕೈಗೆಟಕುವಾಗ, ಲೆಕ್ಕ ಬಲ್ಲ ವರ್ತಕನಿಗೂ ಅದು ಲಾಭದ ಬಾಬತ್ತಾಗಿಯೇ ಕಾಣುತ್ತದೆ. ಆದರೆ ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ಕಲಮು ಬಿಟ್ಟುಹೋಗಿರುತ್ತದೆ. ಅದೇ ದುರಸ್ತಿಯ ಕಲಮು.

ಇಳಿದದ್ದು ಯಾವುದರ ಬೆಲೆ?

ಕಾರು ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಐವತ್ತು ಲಕ್ಷದ ಕಾರಿಗೆ ತಯಾರಾದ ಹೆಡ್‌ಲೈಟು, ಅದನ್ನು ಹದಿನಾಲ್ಕು ಲಕ್ಷಕ್ಕೆ ಕೊಂಡವನಿಗೂ ಐವತ್ತು ಲಕ್ಷದ ಕಾರಿನ ಹೆಡ್‌ಲೈಟಿನ ದರದಲ್ಲಿಯೇ ದೊರೆಯುತ್ತದೆ. ಅಧಿಕೃತ ಸೇವಾ ಕೇಂದ್ರದ ಕೂಲಿ ದರವೂ ಅಷ್ಟೇ. ಎರಡನೆಯ ಮಾಲೀಕನು ಕಾರನ್ನು ತನ್ನ ಅಂತಸ್ತಿನ ಬೆಲೆಗೆ ಕೊಳ್ಳುತ್ತಾನೆ. ಆದರೆ ಮೊದಲ ಮಾಲೀಕನ ಅಂತಸ್ತಿನ ವೆಚ್ಚದಲ್ಲಿ ಅದನ್ನು ಸಾಕಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ, ಫಾರ್ಚುನರ್ ವಾಹನಗಳು ಎಷ್ಟು ಹಳೆಯದಾದರೂ ಬೆಲೆ ಬಿಟ್ಟುಕೊಡುವುದಿಲ್ಲವೆಂದು ಕೊಳ್ಳುವವರು ಗೊಣಗುವುದುಂಟು. ಇತ್ತ ಐಷಾರಾಮಿ ಕಾರುಗಳ ಬೆಲೆ ಕಡಿದಾಗಿ ಕುಸಿಯುತ್ತದೆ. ಮುಂದೆ ಬರಬಹುದಾದ ರಿಪೇರಿಯನ್ನು ಮಾರುಕಟ್ಟೆ ಮೊದಲೇ ಅಂದಾಜು ಮಾಡಿ ಬೆಲೆಯಲ್ಲಿ ಕಳೆದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಆದುದರಿಂದ ಆ ಕುಸಿತವನ್ನು ಪೂರ್ತಿಯಾಗಿ ರಿಯಾಯಿತಿ ಎಂದು ಭಾವಿಸುವಂತಿಲ್ಲ. ಅದರ ಒಂದು ಪಾಲು, ಮುಂದೆ ರಿಪೇರಿಗೆಂದು ಕೊಳ್ಳುವವನ ಕೈಯಲ್ಲೇ ಉಳಿಸಿಕೊಟ್ಟ ಹಣ.

ಮೂರು ವರ್ಷದ ಲೆಕ್ಕ

ಉದಾಹರಣೆಗಾಗಿ ಕಲ್ಪಿಸಿದ ಒಂದು ಲೆಕ್ಕವನ್ನು ನೋಡಬಹುದು. ಎಂಟು ವರ್ಷ ಹಳೆಯ ಐಷಾರಾಮಿ ಕಾರೊಂದನ್ನು 14 ಲಕ್ಷ ರೂಪಾಯಿಗೆ ಕೊಂಡು ಮೂರು ವರ್ಷ ಇಟ್ಟುಕೊಳ್ಳುವುದೆಂದು ಇಟ್ಟುಕೊಳ್ಳೋಣ. ಕೊಂಡ ಕೂಡಲೇ ಟೈರು, ಬ್ರೇಕ್, ಬ್ಯಾಟರಿ, ಎಣ್ಣೆ ಬದಲಾವಣೆಗೆ 1.50 ಲಕ್ಷ, ವಾರ್ಷಿಕ ಸರ್ವಿಸ್ ಮತ್ತು ವಿಮೆಗೆ ವರ್ಷಕ್ಕೆ 1.20 ಲಕ್ಷದಂತೆ 3.60 ಲಕ್ಷ, ಮೂರು ವರ್ಷಗಳಲ್ಲಿ ಒಂದು ದೊಡ್ಡ ರಿಪೇರಿಗೆ 3 ಲಕ್ಷ, ಹೂಡಿದ ಹಣಕ್ಕೆ ಶೇ. 12ರ ಸರಳ ಬಡ್ಡಿ 5.04 ಲಕ್ಷ. ಒಟ್ಟು 27.14 ಲಕ್ಷ. ಕೊನೆಗೆ 7 ಲಕ್ಷಕ್ಕೆ ಮಾರಿದರೆ ನಿವ್ವಳ ವೆಚ್ಚ 20.14 ಲಕ್ಷ, ಅಂದರೆ ತಿಂಗಳಿಗೆ ಸುಮಾರು 56,000 ರೂಪಾಯಿ. ಇಂಧನವೂ ಚಾಲಕನ ಸಂಬಳವೂ ಇದರಲ್ಲಿ ಸೇರಿಲ್ಲ.

ಅದೇ 14 ಲಕ್ಷಕ್ಕೆ ಹೊಸ ಸಾಧಾರಣ ಕಾರು ಕೊಂಡರೆ ಸರ್ವಿಸ್ ಮತ್ತು ವಿಮೆ 1.80 ಲಕ್ಷ, ಬಡ್ಡಿ 5.04 ಲಕ್ಷ ಸೇರಿ 20.84 ಲಕ್ಷ. ಮೂರು ವರ್ಷದ ನಂತರ 9 ಲಕ್ಷಕ್ಕೆ ಮಾರಿದರೆ ನಿವ್ವಳ 11.84 ಲಕ್ಷ, ತಿಂಗಳಿಗೆ ಸುಮಾರು 33,000 ರೂಪಾಯಿ. ವ್ಯತ್ಯಾಸ ತಿಂಗಳಿಗೆ 23,000. ಸಣ್ಣ ಕಾರ್ಖಾನೆಯಲ್ಲಿ ಇದು ಒಬ್ಬ ಕೆಲಸಗಾರನ ಸಂಬಳದ ಹಣ.

ಅಂಕಿಗಳು ಕಾರಿನಿಂದ ಕಾರಿಗೆ ಬದಲಾಗುತ್ತವೆ. ಆದರೆ ಲೆಕ್ಕದ ಸಾರ ಬದಲಾಗುವುದಿಲ್ಲ. ಹೊಸ ಐಷಾರಾಮಿ ಕಾರನ್ನೇ ಕೊಳ್ಳಬಲ್ಲವನು, ಕೊಳ್ಳಲು ಹೊರಟವನು, ಬಳಸಿದ್ದನ್ನು ಆರಿಸಿಕೊಂಡರೆ ಅವನಿಗೆ ನಿಜವಾದ ಉಳಿತಾಯವುಂಟು. ಏಕೆಂದರೆ ಸವಕಳಿಯ ದೊಡ್ಡ ಪಾಲನ್ನು ಮೊದಲ ಮಾಲೀಕ ಭರಿಸಿದ್ದಾನೆ. ಹೊಸ ಸಾಧಾರಣ ಕಾರು ಕೊಳ್ಳಲು ಹೊರಟವನು ಅದೇ ಬೆಲೆಗೆ ಸಿಕ್ಕಿತೆಂದು ಐಷಾರಾಮಿ ಕಾರಿನತ್ತ ತಿರುಗಿದರೆ ಅದು ಉಳಿತಾಯವಲ್ಲ, ಹೆಚ್ಚುವರಿ ವೆಚ್ಚ. ಹಾನಿಗೊಳಗಾಗುವವರು ಹೆಚ್ಚಾಗಿ ಈ ಎರಡನೆಯ ವರ್ಗದವರೇ.

ಕೆಡುವುದು ಯಾವುದು, ಏಕೆ?

ಈ ಕಾರುಗಳು ಕೀಳಾಗಿ ತಯಾರಾದವು ಎಂದು ಇದರ ಅರ್ಥವಲ್ಲ. ಸುರಕ್ಷತೆಯಲ್ಲಿ, ಹೆದ್ದಾರಿಯ ಸ್ಥಿರತೆಯಲ್ಲಿ ಅವು ಉನ್ನತ ದರ್ಜೆಯವು. ಆದರೆ ಅವುಗಳಲ್ಲಿ ಕೆಡಬಲ್ಲ ಅಂಗಗಳ ಸಂಖ್ಯೆಯೇ ಹೆಚ್ಚು. ಸಾಧಾರಣ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗ್ ಇರುವ ಜಾಗದಲ್ಲಿ ಕೆಲವು ಐಷಾರಾಮಿ ಕಾರುಗಳಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರತೊಡಗಿದರೆ, ಆ ಕೊರತೆ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಒಂದು ಸೋರಿಕೆಯನ್ನು ಕಡೆಗಣಿಸಿದ್ದಕ್ಕೆ ಎರಡು ಬಿಲ್ಲು ತೆರಬೇಕಾಗುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ಚಿನ ಜೊತೆಗೆ ಅದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕವೂ ಕೆಡಬಹುದು. ಅದನ್ನು ಬಿಡಿಸಿ ದುರಸ್ತಿ ಮಾಡುವವರು ವಿರಳವಾದ್ದರಿಂದ ಘಟಕವನ್ನೇ ಬದಲಿಸಬೇಕಾಗಿ ಬರುವುದುಂಟು.

ಭಾಗದ ಬೆಲೆಗಿಂತ ಅದನ್ನು ತಲುಪುವ ಕೂಲಿಯೇ ಹೆಚ್ಚಾಗುವ ಪ್ರಸಂಗಗಳೂ ಇವೆ. 2007ರಲ್ಲಿ ಬಳಕೆಗೆ ಬಂದ ಬಿಎಂಡಬ್ಲ್ಯು ಎನ್47 ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ ಇದೆ. ಆರಂಭದ ವರ್ಷಗಳ ಎಂಜಿನ್ನುಗಳಲ್ಲಿ ಈ ಚೈನು ಸವೆಯುವ ಸಂಗತಿ ಮೆಕ್ಯಾನಿಕ್‌ಗಳ ವಲಯದಲ್ಲಿ ಪ್ರಸಿದ್ಧವಾದುದು. ಚೈನು ದುಬಾರಿಯಲ್ಲ, ಅದನ್ನು ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸನ್ನೇ ಇಳಿಸಬೇಕಾಗುವುದು ದುಬಾರಿ.

ಕಡಿಮೆ ಓಡಿದ ಕಾರು ಒಳ್ಳೆಯದೆಂಬ ನಂಬಿಕೆಯನ್ನೂ ಪರಿಶೀಲಿಸಬೇಕು. ರಬ್ಬರ್ ಸೀಲು, ಪ್ಲಾಸ್ಟಿಕ್ ಕೂಲೆಂಟ್ ಕೊಳವೆಗಳು ಕಿಲೋಮೀಟರಿನಿಂದ ಮಾತ್ರವಲ್ಲ, ಕಾಲದಿಂದಲೂ ಬಿಸಿಯಿಂದಲೂ ಗಡುಸಾಗುತ್ತವೆ. ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿರುವ ಮಸಿ ಶೋಧಕವು ತನ್ನಲ್ಲಿ ಸೇರಿದ ಮಸಿಯನ್ನು ಸುಟ್ಟುಹಾಕಲು ಹೆದ್ದಾರಿಯ ನಿರಂತರ ಓಟ ಬೇಕು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಊರೊಳಗಿನ ಓಡಾಟವೇ ಹೆಚ್ಚಾಗಿರುವವರಿಗೆ ಪೆಟ್ರೋಲ್ ಕಾರೇ ಸೂಕ್ತ.

ಯಂತ್ರಕ್ಕೆ ಒಂದು ಕಣ್ಣು, ಕಾರಿಗೆ ಒಂದು ಕಣ್ಣು

ಪೀಣ್ಯದಲ್ಲಿಯೋ ಬೆಳಗಾವಿಯ ಉದ್ಯಮಬಾಗಿನಲ್ಲಿಯೋ ಹಳೆಯ ಸಿಎನ್‌ಸಿ ಲೇತ್ ಕೊಳ್ಳುವ ಉದ್ಯಮಿ ಅದರ ಬಣ್ಣ ನೋಡಿ ಮರುಳಾಗುವುದಿಲ್ಲ. ಸ್ಪಿಂಡಲ್ ಆಟವನ್ನು ಡಯಲ್ ಗೇಜ್ ಇಟ್ಟು ಅಳೆಯುತ್ತಾನೆ. ಬಾಲ್ ಸ್ಕ್ರೂ ಸವೆದಿದೆಯೇ ಎಂದು ನೋಡುತ್ತಾನೆ. ನಿಯಂತ್ರಕದ ಕಾರ್ಡು ಕೆಟ್ಟರೆ ಎಲ್ಲಿ ಸಿಗುತ್ತದೆ, ರಿಪೇರಿ ಮಾಡುವವನು ಎಷ್ಟು ದೂರದಲ್ಲಿದ್ದಾನೆ ಎಂದು ವಿಚಾರಿಸುತ್ತಾನೆ. ಅದೇ ಉದ್ಯಮಿ ಕಾರು ಕೊಳ್ಳುವಾಗ ಪಾಲಿಷ್‌ಗೂ ಚರ್ಮದ ಆಸನಕ್ಕೂ ಮನಸೋತು ಅರ್ಧ ಗಂಟೆಯಲ್ಲಿ ಮುಂಗಡ ಕೊಟ್ಟು ಬರುತ್ತಾನೆ. ಇದು ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಕುದುರಿಸಿದಂತೆಯೇ ಸರಿ.

ಯಂತ್ರದ ಶಿಸ್ತನ್ನು ಕಾರಿಗೂ ಅನ್ವಯಿಸುವುದು ಕಷ್ಟದ ಕೆಲಸವಲ್ಲ. ಸೇವಾ ಕೇಂದ್ರದ ಪೂರ್ತಿ ದಾಖಲೆಯಿಲ್ಲದ ಕಾರನ್ನು ಎಷ್ಟು ಅಗ್ಗವಾದರೂ ಬಿಡಬೇಕು. ಮಾರುವವನಿಗೆ ಸಂಬಂಧವಿಲ್ಲದ ತಜ್ಞನಿಂದ ಲಿಫ್ಟ್ ಮೇಲೆ ಏರಿಸಿ ತಪಾಸಣೆ ಮಾಡಿಸಿ, ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿಸಬೇಕು. ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್ನನ್ನೇ ಚಾಲೂ ಮಾಡಿ ಕೇಳಬೇಕು. ಬೆಳಿಗ್ಗೆ ಒಂದು ಮೂಲೆ ಕುಸಿದು ನಿಂತಿದ್ದರೆ ಗಾಳಿ ಸೋರುತ್ತಿದೆಯೆಂದು ಸಂಶಯಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2319 ಎಂದಿದ್ದರೆ 2019ರ 23ನೇ ವಾರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಭಾಗ ಸಿಗುತ್ತದೆ, ಯಾವುದಕ್ಕೆ ಕಂಪನಿಯನ್ನೇ ಅವಲಂಬಿಸಬೇಕು ಎಂಬುದನ್ನು ಮೊದಲೇ ವಿಚಾರಿಸುವುದು ಒಳಿತು. ಸೇವಾ ಕೇಂದ್ರವಿಲ್ಲದ ಊರಿನವರು ಕೆಟ್ಟ ಕಾರನ್ನು ಲಾರಿಯ ಮೇಲೆ ಸಾಗಿಸುವ ವೆಚ್ಚವನ್ನೂ, ಕಾರಿಲ್ಲದೆ ಕಳೆಯಬೇಕಾದ ವಾರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೆರೆಯ ಕಾರು, ಹೊರರಾಜ್ಯದ ಕಾರು

2015ರ ಚೆನ್ನೈ ನೆರೆಯಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಭಾಗದಲ್ಲಿಯೂ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ದೃಶ್ಯವನ್ನು ಎಲ್ಲರೂ ಕಂಡಿದ್ದಾರೆ. ಹೀಗೆ ಮುಳುಗಿದ ಕಾರು ತೊಳೆದು ಒಣಗಿಸಿದ ಮೇಲೆ ಬೇರೆ ಊರಿನ ಮಾರುಕಟ್ಟೆಗೆ ಬರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗುರುತು ನೋಡುವುದು, ಆಸನದ ಬೋಲ್ಟುಗಳಲ್ಲಿ ತುಕ್ಕು ಹುಡುಕುವುದು, ನೆಲಹಾಸಿನಡಿಯ ತಂತಿಗಳನ್ನು ಪರೀಕ್ಷಿಸುವುದು ಅವಶ್ಯ. ತಂತಿಯ ಜೋಡಣೆಯಲ್ಲಿ ಹಿಡಿದ ಕಿಲುಬು ಎರಡು ವರ್ಷದ ನಂತರವೂ ತೊಂದರೆ ಕೊಡಬಲ್ಲದು.

ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಅದು ಸಡಿಲಗೊಂಡಿತು. ಆ ನಿಷೇಧದ ಭಯದಿಂದ ಅಲ್ಲಿ ಅಗ್ಗವಾದ ಕಾರುಗಳು ದಕ್ಷಿಣಕ್ಕೆ ಬಂದದ್ದುಂಟು. ಅಂಥ ಕಾರನ್ನು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಇಲ್ಲಿನ ನೋಂದಣಿ ಪಡೆಯಬೇಕು. 20 ಲಕ್ಷ ಮೀರಿದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ರಾಜ್ಯದ ಜೀವಾವಧಿ ತೆರಿಗೆಯ ದರ ಶೇ. 18. ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಇದರಲ್ಲಿ ಕಡಿತವಿದ್ದರೂ ಲೆಕ್ಕಕ್ಕೆ ಆಧಾರ ಕಾರಿನ ಮೂಲ ಬೆಲೆಯೇ ಹೊರತು ಕೊಂಡವನು ಕೊಟ್ಟ ಬೆಲೆಯಲ್ಲ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದ ಹೊರರಾಜ್ಯದ ಸುಮಾರು 30 ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ವಶಪಡಿಸಿಕೊಂಡದ್ದು ಈ ವಿಷಯದಲ್ಲಿ ಎಚ್ಚರಿಕೆಯ ಗಂಟೆ.

ಸಂಸ್ಥೆಯ ಲೆಕ್ಕಪುಸ್ತಕದಲ್ಲಿ

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆಯಲ್ಲಿ ಎಲ್ಲವೂ ಹಿಂದಿರುಗುತ್ತದೆ ಎಂಬುದು ಮತ್ತೊಂದು ತಪ್ಪು ಕಲ್ಪನೆ. ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ದೊರೆಯುವುದು ನಿಜ. ಆದರೆ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನ ಪ್ರಕಾರ, ಸಾಮಾನ್ಯ ವ್ಯಾಪಾರ ಸಂಸ್ಥೆಗಳು ಇಂಥ ಪ್ರಯಾಣಿಕ ಕಾರಿನ ಮೇಲಾಗಲಿ, ಅದರ ವಿಮೆ ಮತ್ತು ರಿಪೇರಿಯ ಮೇಲಾಗಲಿ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವಂತಿಲ್ಲ. ಮೂರು ಲಕ್ಷದ ರಿಪೇರಿಯ ಮೇಲಿನ ಶೇ. 18, ಅಂದರೆ 54,000 ರೂಪಾಯಿ, ಪೂರ್ತಿ ಕೈಬಿಟ್ಟ ಹಣ. ಮುಂದೆ ನೋಂದಾಯಿತ ಸಂಸ್ಥೆಯು ಆ ಕಾರನ್ನು ಮಾರುವಾಗ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ ಶೇ. 18ರ ಜಿಎಸ್‌ಟಿ ಸಹ ಅನ್ವಯಿಸುತ್ತದೆ.

ವಿಮೆಯ ವಿಷಯದಲ್ಲಿಯೂ ಭ್ರಮೆ ಬೇಡ. ಸಮಗ್ರ ವಿಮೆಯು ಅಪಘಾತಕ್ಕೆ ಪರಿಹಾರ ಕೊಡುತ್ತದೆ. ತಾನಾಗಿ ಕೆಟ್ಟ ಗೇರ್‌ಬಾಕ್ಸಿಗೆ ಕೊಡುವುದಿಲ್ಲ. ಅಪಘಾತವಾದಾಗಲೂ ವಿಶೇಷ ರಕ್ಷಣೆ ಪಡೆಯದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ಮಾತ್ರ ದೊರೆಯುತ್ತದೆ. ಹಿಂದಿನ ಮಾಲೀಕನ ನೋ ಕ್ಲೇಮ್ ಬೋನಸ್ ಹೊಸ ಮಾಲೀಕನಿಗೆ ವರ್ಗವಾಗುವುದಿಲ್ಲ.

ಯಾರು ಕೊಳ್ಳಬಹುದು?

ಹಾಗಾದರೆ ಬಳಸಿದ ಐಷಾರಾಮಿ ಕಾರನ್ನು ಕೊಳ್ಳಲೇಬಾರದೇ? ಹಾಗೇನಿಲ್ಲ. ದಾಖಲೆ ಶುದ್ಧವಾಗಿದ್ದು, ಗಾಳಿ ಸಸ್ಪೆನ್ಷನ್ನಿನಂಥ ಜಟಿಲ ಅಂಗಗಳು ಕಡಿಮೆಯಿರುವ, ಸಾಧ್ಯವಾದರೆ ಕಂಪನಿಯ ವಿಸ್ತರಿತ ವಾರಂಟಿ ಇನ್ನೂ ಉಳಿದಿರುವ ನಾಲ್ಕೈದು ವರ್ಷದ ಕಾರನ್ನು, ಮಿತವಾದ ಆಸೆಯಿಂದ ಕೊಂಡವರಿಗೆ ಅದು ಹಲವು ವರ್ಷ ನಿಷ್ಠೆಯಿಂದ ದುಡಿಯುತ್ತದೆ. ಆದರೆ ಕೊಳ್ಳುವ ದಿನವೇ ಬೆಲೆಯ ನಾಲ್ಕನೆಯ ಒಂದು ಭಾಗವನ್ನು ರಿಪೇರಿಯ ಮೀಸಲು ಎಂದು ಬೇರೆ ಖಾತೆಯಲ್ಲಿ ಇಡುವ ಶಕ್ತಿ ಇರಬೇಕು. 14 ಲಕ್ಷವಿರುವವನು 14 ಲಕ್ಷದ ಕಾರನ್ನಲ್ಲ, 11 ಲಕ್ಷದ ಕಾರನ್ನು ನೋಡಬೇಕು.

ಆ ಮೀಸಲಿಲ್ಲದೆ ಕೊಂಡಾಗ ಆಗುವುದೇನೆಂಬುದು ಸ್ಪಷ್ಟ. ಬೆಳಿಗ್ಗೆ ಮೂರು ಲಕ್ಷದ ಅಂದಾಜು ಪಟ್ಟಿ ಬರುತ್ತದೆ. ಸಂಜೆಯೊಳಗೆ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ಹೋಗುತ್ತದೆ. ಆ ತಿಂಗಳು ಕಚ್ಚಾ ಮಾಲು ಕೊಟ್ಟವನಿಗೆ ಪಾವತಿ ತಡವಾಗುತ್ತದೆ. ವರ್ಚಸ್ಸಿಗಾಗಿ ಕೊಂಡ ಕಾರೇ ಮಾರುಕಟ್ಟೆಯಲ್ಲಿನ ಮಾತಿನ ಬೆಲೆಯನ್ನು ಕುಂದಿಸುತ್ತದೆ. ವರ್ತಕನ ನಿಜವಾದ ಪರಿಚಯ ಪತ್ರ ಅವನು ಇಳಿದು ಬರುವ ಕಾರಲ್ಲ, ಹೇಳಿದ ದಿನಕ್ಕೆ ಪಾಸಾಗುವ ಅವನ ಚೆಕ್ಕು. ಅದಕ್ಕೆ ಧಕ್ಕೆ ತಾರದ ಕಾರು ಯಾವುದೇ ಇರಲಿ, ಅದೇ ಅವನಿಗೆ ಒಪ್ಪುವ ಕಾರು.