ಮಕ್ಕಳ ಕೆಮ್ಮು, ಬೆಟ್ಟದ ಧೂಳು

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸಭೆ ಸೇರಿದ ರಾಜ್ಯ ಸಚಿವ ಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಮರುನಾಮಕರಣ ಮಾಡಲು ತೀರ್ಮಾನಿಸಿತು. ಹೆಸರು ಯಾವುದಾದರೂ ಇರಲಿ, ಜಿಲ್ಲೆಯ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಇದ್ದಲ್ಲಿಯೇ ಇದೆ. ದೇವನಹಳ್ಳಿ ತಾಲ್ಲೂಕಿನ ಕೊಯಿರಾ, ತೈಲಗೆರೆ ಭಾಗದ ಕಲ್ಲುಗುಡ್ಡಗಳು ಜಲ್ಲಿಯಾಗಿ ಪುಡಿಯಾದವು. ನಗರದ ಕಸ ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿಗೆ ಬಂದು ಬಿದ್ದಿತು. ನೆಲಮಂಗಲ, ಹೊಸಕೋಟೆಗಳನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ಲಾರಿಗಳ ಹೊಗೆಗೆ ಬಿಡುವೆಂಬುದಿಲ್ಲ.

ದೇಹದ ತೂಕಕ್ಕೆ ಹೋಲಿಸಿದರೆ ಮಗು ವಯಸ್ಕರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಅದರ ಶ್ವಾಸನಾಳಗಳು ಕಿರಿದು, ಶ್ವಾಸಕೋಶಗಳಿನ್ನೂ ಬೆಳೆಯುತ್ತಿರುತ್ತವೆ. ಆ ವಯಸ್ಸಿನಲ್ಲಿ ಕುಂಠಿತವಾದ ಬೆಳವಣಿಗೆ ಮುಂದೆ ಪೂರ್ತಿ ತುಂಬಿಬರುವುದು ಕಷ್ಟ. ಅತಿಸೂಕ್ಷ್ಮ ಕಣಗಳಿಗೆ 2009ರಲ್ಲಿ ಭಾರತ ನಿಗದಿಪಡಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5.

ಇಂಥಲ್ಲಿ ಮಗುವಿನ ಕೆಮ್ಮನ್ನು ‘ಶೀತ, ತಾನಾಗಿ ಹೋಗುತ್ತದೆ’ ಎಂದು ತಳ್ಳಿಹಾಕುವುದು ಅಪಾಯಕರ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ತಪಾಸಣೆ ಆಗಲೇಬೇಕು; ಅದರ ಪರೀಕ್ಷೆ, ಚಿಕಿತ್ಸೆ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಾಲ್ಕು ವಾರ ದಾಟಿದರೆ ಅದು ದೀರ್ಘಕಾಲಿಕ ಕೆಮ್ಮು. ಆಸ್ತಮಾ ಮೊದಲಾದ ಕಾರಣಗಳನ್ನು ವೈದ್ಯರು ಹುಡುಕಲೇಬೇಕಾಗುತ್ತದೆ. ಆಸ್ತಮಾ ಎಂದು ಗೊತ್ತಾದರೆ ಇನ್‌ಹೇಲರ್ ಕಂಡು ಹೆದರಬೇಕಿಲ್ಲ. ಔಷಧಿ ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕು. ಅದು ಚಟವಾಗುವ ವಸ್ತುವೂ ಅಲ್ಲ. ಅಂಗಡಿಯಿಂದ ಕೇಳಿ ತರುವ ಕೆಮ್ಮಿನ ಸಿರಪ್ಪೇ ಭಯಪಡಬೇಕಾದದ್ದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಬೆರೆತ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ತಿಳಿಸಿತು.

ಆದರೆ ಸರಿಯಾದ ಔಷಧಿಯೂ ಅರ್ಧ ಚಿಕಿತ್ಸೆ ಮಾತ್ರ. ಆಸ್ಪತ್ರೆಯಿಂದ ಹೊರಬಂದ ಮಗು ಅದೇ ಧೂಳಿಗೆ ಮರಳಿದರೆ ಕೆಮ್ಮೂ ಮರಳುತ್ತದೆ. ಒಲೆಯ ಹೊಗೆ, ಬೀಡಿಯ ಹೊಗೆಯನ್ನು ಮನೆಯವರು ತಡೆಯಬಹುದು. ಕ್ರಷರಿನ ಧೂಳನ್ನು ತಾಯಿಯೊಬ್ಬಳು ತಡೆಯಲಾರಳು. ಅದು ಆಡಳಿತದ ಹೊಣೆ. ಕ್ರಷರುಗಳನ್ನು ಸುರಕ್ಷಿತ ವಲಯಕ್ಕೆ ಸೀಮಿತಗೊಳಿಸುವ ಕಾಯ್ದೆ ರಾಜ್ಯದಲ್ಲಿ 2011ರಿಂದ ಇದೆ. ಯಂತ್ರಗಳಿಗೆ ಹೊದಿಕೆ, ನೀರಿನ ಸಿಂಪಡಣೆ, ಗಾಳಿತಡೆ ಗೋಡೆ, ಹಸಿರುಪಟ್ಟಿ ಯಾವುವೂ ಅಸಾಧ್ಯವಾದ ಕೆಲಸಗಳಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ನೀಡಿ ಮಕ್ಕಳನ್ನು ಪರೀಕ್ಷಿಸಬೇಕೆಂಬುದು ನಿಯಮ. ಆ ಪಟ್ಟಿಯಲ್ಲಿ ಶ್ವಾಸನಾಳದ ತೊಂದರೆಯೂ ಸೇರಿದೆ. ಮಕ್ಕಳ ಹೆಸರನ್ನು ಬಿಟ್ಟು ಊರುವಾರು ಸಂಖ್ಯೆಯನ್ನಷ್ಟೇ ಗ್ರಾಮಸಭೆಯ ಮುಂದಿಡಬಹುದು. ಕ್ರಷರಿನ ಪರವಾನಗಿ ನವೀಕರಣಕ್ಕೆ ಬಂದಾಗ ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಓದಬೇಕು. ಆರೋಗ್ಯ ಇಲಾಖೆಯ ಲೆಕ್ಕ ಒಂದು ಕಡತದಲ್ಲಿ, ಧೂಳಿನ ಲೆಕ್ಕ ಇನ್ನೊಂದರಲ್ಲಿ ಇರುವವರೆಗೆ ಮಗುವಿನ ಕೆಮ್ಮಿಗೆ ಹೊಣೆಗಾರರು ಸಿಗುವುದಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ತರಿಸುವ ಒತ್ತಾಯ ಮುಂದಿನ ಗ್ರಾಮಸಭೆಯಲ್ಲಿಯೇ ಮೊದಲಾಗಲಿ.