ಜೇಡನ ವಿಷವೂ ರೈತನ ನೋವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಲ್ಲಿ ದಿನವೆಲ್ಲ ಬೆನ್ನು ಬಗ್ಗಿಸುವವರಿಗೆ ಸೊಂಟನೋವಿನ ಪರಿಚಯ ಬೇಕಾಗಿಲ್ಲ. ಮಾತ್ರೆ ನುಂಗಿ ನುಂಗಿ ಮೂತ್ರಪಿಂಡವನ್ನು ಕೆಡಿಸಿಕೊಳ್ಳುವುದೊಂದೇ ಇವರಿಗಿರುವ ದಾರಿಯೆ? ನೋವಿನ ಸುದ್ದಿಯನ್ನೊಯ್ಯುವ ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಬಲ್ಲ ಅಂಶಗಳನ್ನು ವಿಜ್ಞಾನಿಗಳು ಜೇಡನ ವಿಷದಲ್ಲಿ ಕಂಡಿದ್ದಾರೆ. ಹೃದಯ, ಸ್ನಾಯುಗಳ ದ್ವಾರಗಳನ್ನು ಮುಟ್ಟದೆ ಇವನ್ನಷ್ಟೇ ಮುಚ್ಚುವುದು ಕಷ್ಟವಾದುದರಿಂದ ಮದ್ದು ಇನ್ನೂ ಸಿದ್ಧವಾಗಿಲ್ಲ. ಆದರೂ ಇದು ಬರಿಯ ಕನಸಲ್ಲ. ಕಡಲ ಬಸವನಹುಳುವಿನ ವಿಷದಿಂದ ದೊರೆತ ಜಿಕೊನೊಟೈಡ್ ಎಂಬ ಮದ್ದಿಗೆ ಅಮೆರಿಕದಲ್ಲಿ ೨೦೦೪ರಲ್ಲಿಯೇ ಅನುಮತಿ ದೊರೆಯಿತು.

ನಾವಾದರೋ, ಭತ್ತದ ಕೀಟಗಳನ್ನು ತಿಂದು ಉಪಕರಿಸುವ ಜೇಡಗಳನ್ನು ಹೆಸರು ತಿಳಿಯುವ ಮೊದಲೇ ಔಷಧಿ ಹೊಡೆದು ಕೊಲ್ಲುತ್ತಿದ್ದೇವೆ! ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಇಂಥ ಜೀವಿಗಳಿಂದ ಬಂದ ಲಾಭದಲ್ಲಿ ಸ್ಥಳೀಯರಿಗೂ ಪಾಲು ಸಲ್ಲತಕ್ಕದ್ದು. ದಾಖಲೆಯೇ ಇಲ್ಲದೆ ಪಾಲು ಕೇಳುವುದೆಂತು? ಪಂಚಾಯಿತಿಯ ದಾಖಲೆ ಪುಸ್ತಕದಲ್ಲಿ ಜೇಡನಿಗೂ ಒಂದು ಪುಟವಿರಲಿ; ವಿ. ಸಿ. ಫಾರಂನ ಪಂಡಿತರು ಈ ಕಾರ್ಯಕ್ಕೆ ನೆರವಾಗಬೇಕೆಂದು ನಾವು ಒತ್ತಾಯಪಡಿಸುತ್ತೇವೆ.